ಭತ್ತದ ಭಾರ, ಗೋಡೆಯ ಹೆಗಲು

ಹೊಸಪೇಟೆಯವರಿಗೆ ನೀರಿನ ಒತ್ತಡದ ಪಾಠ ಹೇಳಿಕೊಡಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ತುಂಬಿ ನಿಂತ ನೀರಿಗೆ ಎಂಥ ಬಲವಿದೆ ಎಂಬುದನ್ನು ಇಡೀ ನಾಡು ಕಂಡಿತು. ನೀರಿನ ಲೆಕ್ಕ ಸರಳ. ಆಳ ಎರಡರಷ್ಟಾದರೆ ಒತ್ತಡವೂ ಎರಡರಷ್ಟು. ಹತ್ತು ಮೀಟರ್ ಆಳದಲ್ಲಿ ಚದರ ಮೀಟರಿಗೆ ಹತ್ತು ಟನ್, ಇಪ್ಪತ್ತು ಮೀಟರ್ ಆಳದಲ್ಲಿ ಇಪ್ಪತ್ತು ಟನ್. ತೊಟ್ಟಿ ಅಗಲವಾಗಿದೆಯೋ ಕಿರಿದಾಗಿದೆಯೋ ಎಂದು ನೀರು ನೋಡುವುದಿಲ್ಲ.

ಅದೇ ಹೊಳೆಯ ನೀರು ಕುಡಿದು ಕಂಪ್ಲಿಯ ಗದ್ದೆಗಳಲ್ಲಿ ಬೆಳೆಯುವ ಭತ್ತ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಕಿರಿದಾದ, ಎತ್ತರದ ಬಿನ್ನಿಗೆ ಭತ್ತ ಸುರಿಯುತ್ತ ಹೋಗಿ. ಮೊದಮೊದಲು ತಳದ ಮೇಲಿನ ಒತ್ತಡ ಏರುತ್ತದೆ, ಆಮೇಲೆ ಏರಿಕೆ ನಿಧಾನವಾಗುತ್ತದೆ, ಒಂದು ಎತ್ತರದ ನಂತರ ನಿಂತೇ ಹೋಗುತ್ತದೆ. ಮೇಲೆ ಇನ್ನೂ ಹತ್ತು ಲೋಡು ಹಾಕಿದರೂ ತಳಕ್ಕೆ ಹೆಚ್ಚೇನೂ ತಿಳಿಯುವುದಿಲ್ಲ. ಹಾಗಾದರೆ ಆ ಭಾರವೆಲ್ಲ ಎಲ್ಲಿ ಹೋಯಿತು? ಗೋಡೆಗೆ ಹೋಯಿತು. ಪ್ರತಿ ಕಾಳೂ ಪಕ್ಕದ ಕಾಳನ್ನು ಒತ್ತುತ್ತದೆ, ಅಂಚಿನ ಕಾಳು ಗೋಡೆಯನ್ನು ಒತ್ತುತ್ತದೆ, ಗೋಡೆಯ ಒರಟು ಮೈ ಅದನ್ನು ಕೆಳಗೆ ಜಾರಲು ಬಿಡದೆ ಹಿಡಿಯುತ್ತದೆ. ಈ ಹಿಡಿತವೇ ಘರ್ಷಣೆ. ಕಣಜ, ರೈಸ್ ಮಿಲ್ಲಿನ ಬಿನ್, ಸಂಡೂರಿನ ಅದಿರಿನ ಹಾಪರ್, ಉಕ್ಕಿನ ಕಾರ್ಖಾನೆಯ ಬಂಕರ್ ಎಲ್ಲದರ ಆಯುಷ್ಯವೂ ಈ ಹಿಡಿತವನ್ನು ಎಷ್ಟು ಸರಿಯಾಗಿ ಲೆಕ್ಕ ಹಾಕಿದ್ದೇವೆ ಎನ್ನುವುದರ ಮೇಲೆ ನಿಂತಿದೆ.

ವಿಜಯನಗರ ಮತ್ತು ಬಳ್ಳಾರಿ ಜಿಲ್ಲೆಗಳ ಈ ಊರುಗಳ ಸುತ್ತ ರಾಶಿಗಳಿಗೆ ಬರವಿಲ್ಲ. ಕಂಪ್ಲಿಯ ಕಡೆ ಭತ್ತ, ಒಣ ಬೇಸಾಯದ ಹಳ್ಳಿಗಳಲ್ಲಿ ಜೋಳ, ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣದ ಅದಿರು. ದೋಣಿಮಲೈಯಲ್ಲಿ ಎನ್‌ಎಂಡಿಸಿ 1977ರಿಂದ ಅದಿರು ತೆಗೆಯುತ್ತಿದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದೇಶದ ಅತಿ ದೊಡ್ಡವುಗಳಲ್ಲೊಂದು. ಕಣದಲ್ಲಿ ಭತ್ತದ ರಾಶಿ ಕಡಿದಾಗಿ ನಿಲ್ಲುತ್ತದೆ, ನುಣುಪು ಗುಂಡು ಕಾಳಿನ ಜೋಳದ ರಾಶಿ ಅಗಲವಾಗಿ ಹರಡಿಕೊಳ್ಳುತ್ತದೆ. ಹಿಂದೆ ಸೇರಿನಲ್ಲಿ ಅಳೆಯುವಾಗ ಅಂಚಿನ ಮೇಲೆ ಗೋಪುರ ಕಟ್ಟಿ ಅಳೆಯಬೇಕೋ, ಪಟ್ಟಿ ಎಳೆದು ಸಮ ಮಾಡಿ ಅಳೆಯಬೇಕೋ ಎಂಬುದಕ್ಕೆ ಜಗಳಗಳೇ ಆಗುತ್ತಿದ್ದವು. ಆ ಗೋಪುರ ಎಷ್ಟು ಎತ್ತರ ನಿಲ್ಲುತ್ತದೆ ಎನ್ನುವುದನ್ನು ತೀರ್ಮಾನಿಸುವುದೂ ಕಾಳು ಕಾಳಿನ ನಡುವಿನ ಘರ್ಷಣೆಯೇ.

ರಾಶಿಯ ಈ ಇಳಿಜಾರಿನ ಕೋನಕ್ಕೆ ಹಣದ ಬೆಲೆಯೂ ಇದೆ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಗಲೇ ಅಗೆದು ಗುಡ್ಡೆ ಹಾಕಿದ್ದ ಅದಿರನ್ನು ಕೋರ್ಟಿನ ಉಸ್ತುವಾರಿ ಸಮಿತಿಯ ಮೂಲಕ ಇ-ಹರಾಜು ಹಾಕಲಾಯಿತು. ಒಂದು ಗುಡ್ಡೆಯಲ್ಲಿ ಎಷ್ಟು ಅದಿರಿದೆ ಎಂದು ಹೇಳಬೇಕಾದರೆ ಅದರ ಆಕಾರ ಗೊತ್ತಿರಬೇಕು. ಶಂಕುವಿನಂತೆ ನಿಂತ ಗುಡ್ಡೆಯ ಬುಡವನ್ನು ಅಳೆದು, ಇಳಿಜಾರು 35 ಡಿಗ್ರಿ ಇರುವಲ್ಲಿ 38 ಎಂದು ಹಿಡಿದರೆ ಘನ ಅಳತೆ ಶೇ. 11ಕ್ಕಿಂತ ಹೆಚ್ಚು ಉಬ್ಬುತ್ತದೆ. ಮೂರು ಡಿಗ್ರಿಯ ತಪ್ಪಿಗೆ ಲಾರಿಗಟ್ಟಲೆ ಅದಿರು ಕಾಗದದ ಮೇಲೆ ಹುಟ್ಟುತ್ತದೆ ಅಥವಾ ಮಾಯವಾಗುತ್ತದೆ. ಸರ್ವೆಯವರು ಗುಡ್ಡೆಯ ಮೈಯನ್ನೇ ಬಿಂದು ಬಿಂದುವಾಗಿ ಅಳೆಯಬೇಕಾಗುವುದು ಇದಕ್ಕೇ.

ಇನ್ನು ರಾಶಿಗೆ ಗೋಡೆ ಕಟ್ಟುವ ಮಾತು. ಹಂಪಿಯ ಕೃಷ್ಣ ದೇವಾಲಯಕ್ಕೆ ಹೋದವರಲ್ಲಿ ಹೆಚ್ಚಿನವರು ಗೋಪುರ ನೋಡಿ ಮುಂದೆ ಸಾಗುತ್ತಾರೆ. ಉದಯಗಿರಿಯನ್ನು ಗೆದ್ದ ನೆನಪಿಗೆ ಕೃಷ್ಣದೇವರಾಯ ಕಟ್ಟಿಸಿದ ಗುಡಿ ಅದು. ಅದರ ಹೊರ ಆವರಣದಲ್ಲಿ ಕಣಜವೆಂದು ಗುರುತಿಸಲಾಗುವ ಒಂದು ಕಟ್ಟಡವಿದೆ. ಮೇಲೆ ಗುಮ್ಮಟಗಳು, ಮಾಡಿಗೆ ಹತ್ತಲು ಕಿರಿದಾದ ಮೆಟ್ಟಿಲು, ದಪ್ಪ ಗೋಡೆ. ಈ ಬಗೆಯ ತಗ್ಗಾದ, ಅಗಲವಾದ ಕೋಣೆಯಲ್ಲಿ ಕಾಳಿನ ಭಾರ ಬಹುಪಾಲು ನೆಲಕ್ಕೇ ಹೋಗುತ್ತದೆ, ಗೋಡೆಗೆ ಬರುವುದು ಅಡ್ಡ ಒತ್ತಡ ಮಾತ್ರ. ಮಣ್ಣಿನ ದಿಬ್ಬಕ್ಕೆ ತಡೆಗೋಡೆ ಕಟ್ಟಿದಂತೆಯೇ ಇದರ ಲೆಕ್ಕ. ದಪ್ಪ ಗೋಡೆಯ ಸ್ವಂತ ತೂಕ ಆ ಅಡ್ಡ ಒತ್ತಡವನ್ನು ತಡೆಯುತ್ತದೆ. ಹಳ್ಳಿಗಳ ಹಗೇವು ಇನ್ನೊಂದು ದಾರಿ ಹಿಡಿಯಿತು. ನೆಲದೊಳಗೆ ಕಿರಿದಾದ ಬಾಯಿ, ಅಗಲವಾದ ಹೊಟ್ಟೆ ಬರುವಂತೆ ಅಗೆದು ಜೋಳ ತುಂಬಿದರೆ, ಒಳಗಿನ ಕಾಳು ಹೊರಗೆ ಒತ್ತುವಷ್ಟೇ ಸುತ್ತಲಿನ ಭೂಮಿ ಒಳಗೆ ಒತ್ತುತ್ತದೆ. ಗೋಡೆ ಸೀಳುವ ಭಯವೇ ಇಲ್ಲ. ಅಲ್ಲಿನ ಅಪಾಯ ಬೇರೆ: ಕಾಳು ಉಸಿರಾಡಿ ತುಂಬಿದ ಕೆಟ್ಟ ಗಾಳಿಗೆ, ಇಳಿದವರು ಮೇಲೆ ಬಾರದೆ ಹೋಗಿದ್ದಾರೆ.

ನೆಲದ ಮೇಲೆ, ಕಡಿಮೆ ಜಾಗದಲ್ಲಿ, ತೆಳು ಗೋಡೆಯಲ್ಲಿ ಎತ್ತರಕ್ಕೆ ಕಾಳು ನಿಲ್ಲಿಸಬೇಕೆಂಬ ಹಂಬಲ ಹತ್ತೊಂಬತ್ತನೇ ಶತಮಾನದ ಬಂದರುಗಳಲ್ಲಿ ಬಂತು. ಆಗಲೇ ಹಳೆಯ ಲೆಕ್ಕಗಳು ಸೋತವು. 1880ರ ದಶಕದಲ್ಲಿ ಐಸಾಕ್ ರಾಬರ್ಟ್ಸ್ ಎಂಬಾತ ಬಿನ್ನುಗಳಿಗೆ ಗೋಧಿ ತುಂಬಿ ಪರೀಕ್ಷೆ ಮಾಡಿ, ಆಳವು ಅಗಲದ ಸುಮಾರು ಎರಡರಷ್ಟಾದ ಮೇಲೆ ತಳದ ಒತ್ತಡ ಏರುವುದಿಲ್ಲವೆಂದು ಕಂಡ. 1895ರಲ್ಲಿ ಜರ್ಮನಿಯ ಬ್ರೆಮನ್ ಪಟ್ಟಣದ ಎಂಜಿನಿಯರ್ ಯಾನ್ಸೆನ್ ಮರದ ಮಾದರಿ ಬಿನ್ನುಗಳಲ್ಲಿ ಕಾಳು ತುಂಬಿ, ತಳಕ್ಕೆ ಬರುವ ತೂಕವನ್ನು ಬೇರೆಯಾಗಿ ಅಳೆದು, ಇಂದಿಗೂ ಪ್ರಪಂಚವೆಲ್ಲ ಬಳಸುವ ಸೂತ್ರ ಕೊಟ್ಟ. ಅವನ ಯೋಚನೆ ಇಷ್ಟೇ: ಬಿನ್ನಿನೊಳಗಿನ ಕಾಳನ್ನು ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿದಂತೆ ನೋಡು. ಪ್ರತಿ ಬಿಲ್ಲೆಯ ತೂಕ ಕೆಳಗೆ ಎಳೆಯುತ್ತದೆ. ಮೇಲಿನಿಂದ ಬಿದ್ದ ಒತ್ತಡದ ಒಂದು ಪಾಲು ಪಕ್ಕಕ್ಕೆ ತಿರುಗಿ ಗೋಡೆಯನ್ನು ಒತ್ತುತ್ತದೆ. ಒತ್ತಿದಷ್ಟೂ ಗೋಡೆಯ ಹಿಡಿತ ಬಿಗಿ. ಯಾವ ಆಳದಲ್ಲಿ ಆ ಹಿಡಿತ ಬಿಲ್ಲೆಯ ಇಡೀ ತೂಕಕ್ಕೆ ಸಮವಾಗುತ್ತದೋ ಅಲ್ಲಿಂದ ಕೆಳಗೆ ಒತ್ತಡ ಏರುವುದಿಲ್ಲ.

ನಮ್ಮ ದೇಶದಲ್ಲಿ ಕಾಂಕ್ರೀಟ್ ಬಿನ್ನುಗಳಿಗೆ 1974ರ ಐಎಸ್ 4995 ಎಂಬ ಮಾನಕ ಈ ಸೂತ್ರದ ಮೇಲೆಯೇ ನಿಂತಿದೆ. ಅದರ ಪಟ್ಟಿಯಲ್ಲಿ ಭತ್ತಕ್ಕೆ ಘನ ಮೀಟರಿಗೆ 575 ಕಿಲೋ ತೂಕ, ಒಳ ಘರ್ಷಣೆಯ ಕೋನ 36 ಡಿಗ್ರಿ. ಗೋಧಿಗೆ 850 ಕಿಲೋ, 28 ಡಿಗ್ರಿ. ತುಂಬುವಾಗ ಗೋಡೆಯ ಘರ್ಷಣೆಯ ಕೋನ ಇದರ ಮುಕ್ಕಾಲು ಪಾಲು, ಪಕ್ಕಕ್ಕೆ ತಿರುಗುವ ಒತ್ತಡ ಕೆಳಮುಖ ಒತ್ತಡದ ಅರ್ಧ ಎಂದು ಹಿಡಿಯಬೇಕು. ಒಂದು ಉದಾಹರಣೆ ನೋಡೋಣ. ನಾಲ್ಕು ಮೀಟರ್ ವ್ಯಾಸದ, ಇಪ್ಪತ್ತು ಮೀಟರ್ ಎತ್ತರದ ದುಂಡು ಬಿನ್. ಅದರೊಳಗೆ ಹಿಡಿಯುವ ಭತ್ತ ಸುಮಾರು 144 ಟನ್. ಭತ್ತವೂ ನೀರಿನಂತೆ ವರ್ತಿಸಿದ್ದರೆ ತಳದ ಪ್ರತಿ ಚದರ ಮೀಟರಿಗೆ ಹನ್ನೊಂದೂವರೆ ಟನ್ ಬೀಳಬೇಕಿತ್ತು. ಯಾನ್ಸೆನ್ ಸೂತ್ರದ ಪ್ರಕಾರ ಬೀಳುವುದು ಎರಡೂಕಾಲು ಟನ್. ಒಟ್ಟು 144 ಟನ್ನಿನಲ್ಲಿ ತಳ ಹೊರುವುದು ಸುಮಾರು 28 ಟನ್. ಉಳಿದ 116 ಟನ್ನನ್ನೂ ಗೋಡೆ ತನ್ನ ಹೆಗಲ ಮೇಲೆ ಹೊತ್ತು ಬುನಾದಿಗೆ ಇಳಿಸುತ್ತದೆ.

ಇದನ್ನು ಓದಿ, ಘರ್ಷಣೆ ಇದ್ದಷ್ಟೂ ಒಳ್ಳೆಯದು ಎಂದುಕೊಳ್ಳುವುದು ಸಹಜ. ಅಲ್ಲೇ ಎಡವುವುದು. ಅದೇ ಬಿನ್ನಿನ ಗೋಡೆ ನುಣುಪಾದ ತಗಡಿನದಾಗಿದ್ದು, ಘರ್ಷಣ ಗುಣಾಂಕ, ಅಂದರೆ ಗೋಡೆಯ ಘರ್ಷಣೆಯ ಕೋನದ ಟ್ಯಾನ್ ಬೆಲೆ, ಮೇಲಿನ ಲೆಕ್ಕದ 0.51ರ ಬದಲು 0.3 ಎಂದು ಹಿಡಿಯಿರಿ. ತಳದ ಭಾರ 28ರಿಂದ ಸುಮಾರು 46 ಟನ್ನಿಗೆ ಏರುತ್ತದೆ. ಗೋಡೆಯನ್ನು ಹೊರಕ್ಕೆ ಸೀಳಲು ನೋಡುವ ಅಡ್ಡ ಒತ್ತಡ ಚದರ ಮೀಟರಿಗೆ 1.1 ಟನ್ನಿನಿಂದ 1.8 ಟನ್ನಿಗೆ ಹೋಗುತ್ತದೆ. ಗುಣಾಂಕ 0.6 ಆದರೆ ಈ ಎರಡೂ ಇಳಿಯುತ್ತವೆ, ಆದರೆ ಗೋಡೆ ಕೆಳಮುಖವಾಗಿ ಹೊರಬೇಕಾದ ಭಾರ 120 ಟನ್ ಮುಟ್ಟುತ್ತದೆ. ದಪ್ಪ ಕಾಂಕ್ರೀಟ್ ಗೋಡೆಗೆ ಅದು ಹೊರಲಾಗದ ಭಾರವಲ್ಲ. ಕೆಲವೇ ಮಿಲಿಮೀಟರ್ ದಪ್ಪದ ಉಕ್ಕಿನ ಗೋಡೆ ಮಾತ್ರ ಎಳೆದರೆ ತಡೆಯುತ್ತದೆ, ಮೇಲಿನಿಂದ ಅದುಮಿದರೆ ಸೊಟ್ಟಗೆ ಮಡಚಿಕೊಳ್ಳುತ್ತದೆ. ಒಂದೇ ಸಂಖ್ಯೆ ಕಡಿಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಅಪಾಯ ಬರುವ ಜಾಗ ಮಾತ್ರ ಬೇರೆ. ಬಹುತೇಕ ಎಂಜಿನಿಯರಿಂಗ್ ಲೆಕ್ಕಗಳಲ್ಲಿ ಭಾರವನ್ನು ಸ್ವಲ್ಪ ಹೆಚ್ಚಾಗಿಯೇ ಹಿಡಿದುಕೊಂಡರೆ ನೆಮ್ಮದಿಯಾಗಿರಬಹುದು. ಇಲ್ಲಿ ಆ ನೆಮ್ಮದಿ ಇಲ್ಲ. ಯುರೋಪಿನ ಸೈಲೊ (ಎತ್ತರದ ಬಿನ್) ಮಾನಕ ಘರ್ಷಣೆಗೆ ಮೇಲಿನ ಬೆಲೆ, ಕೆಳಗಿನ ಬೆಲೆ ಎಂದು ಎರಡನ್ನು ಕೊಟ್ಟು, ಎರಡಕ್ಕೂ ಲೆಕ್ಕ ಹಾಕಲು ಹೇಳುವುದು ಈ ಕಾರಣಕ್ಕೆ. ಪಟ್ಟಿಯಿಂದ ಒಂದೇ ಅಂಕಿ ಎತ್ತಿಕೊಂಡು ಬಿನ್ ಕಟ್ಟುವ ಅಭ್ಯಾಸ ಬಿಡಬೇಕೆಂದು ನಾನು ಒತ್ತಿ ಹೇಳುವುದೂ ಇದಕ್ಕೇ.

ಏಕೆಂದರೆ ಆ ಅಂಕಿ ಒಂದೇ ಕಡೆ ನಿಲ್ಲುವಂಥದ್ದಲ್ಲ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ತುಂಬಿದೆ. ಹೊಟ್ಟು ಸುಟ್ಟ ಬೂದಿಯ ಬಹುಪಾಲು ಅದೇ. ಟನ್ನುಗಟ್ಟಲೆ ಭತ್ತ ವರ್ಷಾನುಗಟ್ಟಲೆ ಉಜ್ಜಿ ಇಳಿದರೆ ಹೊಸ ತಗಡಿನ ಒರಟು ಮೈ ಹೊಳಪು ಬರುವಷ್ಟು ನುಣುಪಾಗುತ್ತದೆ. ಮಿಲ್ಲುಗಳಲ್ಲಿ ಕೊಳವೆಗಳ ಬಾಗುಗಳು ತೂತು ಬೀಳುವುದೂ ಇದರಿಂದಲೇ. ಹೊಸದಿದ್ದಾಗ ಗೋಡೆ ಹೊರುತ್ತಿದ್ದ ಭಾರದ ಒಂದು ಪಾಲನ್ನು ಹಳತಾದ ಮೇಲೆ ತಳ ಹೊರಬೇಕಾಗುತ್ತದೆ. ತೇವದ ಮಾತಂತೂ ಇನ್ನೂ ದೊಡ್ಡದು. ಕೊಯ್ಲಿನ ಹೊತ್ತಿಗೆ ಭತ್ತದಲ್ಲಿ ಶೇ. 20ಕ್ಕಿಂತ ಹೆಚ್ಚು ತೇವ ಇರುವುದುಂಟು; ಸರ್ಕಾರಿ ಖರೀದಿಯ ಮಿತಿ ಶೇ. 17, ನಿಶ್ಚಿಂತೆಯಿಂದ ಕೂಡಿಡಬೇಕಾದರೆ ಶೇ. 14ರ ಆಸುಪಾಸಿಗೆ ಇಳಿಯಬೇಕು. ಹಸಿ ಭತ್ತ ಒಣ ಭತ್ತಕ್ಕಿಂತ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಳಗಿದ್ದ ಕಾಳು ನೀರು ಹೀರಿ ಉಬ್ಬಿದರಂತೂ ಯಾವ ಸೂತ್ರವೂ ಹೇಳದಷ್ಟು ಒತ್ತಡ ಗೋಡೆಯ ಮೇಲೆ ಬೀಳುತ್ತದೆ. ಮಾಡಿನ ಒಂದು ಸಣ್ಣ ಸೋರಿಕೆಯನ್ನು ಕಟ್ಟಡದ ಸುರಕ್ಷತೆಯ ವಿಷಯವೆಂದು ನೋಡಬೇಕೇ ಹೊರತು ಕಾಳು ಕೆಡುವ ವಿಷಯವೆಂದಷ್ಟೇ ಅಲ್ಲ.

ಬಳ್ಳಾರಿ ಸೀಮೆಯ ಬಿಸಿಲಿಗೂ ಇದರಲ್ಲಿ ಪಾತ್ರವಿದೆ. ಏಪ್ರಿಲ್ ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದಾಗ ಉಕ್ಕಿನ ಸೈಲೊದ ಸುತ್ತಳತೆ ತುಸು ಹಿಗ್ಗುತ್ತದೆ. ಹಿಗ್ಗಿದ ಜಾಗಕ್ಕೆ ಕಾಳು ಕುಸಿದು ಕೂರುತ್ತದೆ. ರಾತ್ರಿ ತಣ್ಣಗಾಗಿ ಉಕ್ಕು ಕುಗ್ಗಲು ನೋಡಿದರೆ ಕಾಳು ಮೇಲೇಳುವುದಿಲ್ಲ, ಘರ್ಷಣೆ ಅದನ್ನು ಅಲ್ಲೇ ಬಿಗಿಹಿಡಿದಿರುತ್ತದೆ. ದಿನವೂ ಇದೇ ನಡೆದರೆ ಗೋಡೆಯ ಎಳೆತ ಹಂತ ಹಂತವಾಗಿ ಏರುತ್ತದೆ. ಸೈಲೊವನ್ನು ತಿಂಗಳುಗಟ್ಟಲೆ ತುಂಬಿಯೇ ಇಟ್ಟಾಗ ಈ ಕಾಟ ಹೆಚ್ಚು.

ಬಿನ್ ಬಿರುಕು ಬಿಡುವುದು ಹೆಚ್ಚಾಗಿ ತುಂಬುವಾಗ ಅಲ್ಲ, ಖಾಲಿ ಮಾಡುವಾಗ ಎಂದರೆ ಅನೇಕರು ನಂಬುವುದಿಲ್ಲ. ಭಾರ ಕಡಿಮೆಯಾಗುತ್ತಿರುವಾಗ ಒತ್ತಡ ಹೇಗೆ ಹೆಚ್ಚುತ್ತದೆ? ಕಾಳು ನಿಂತಿರುವಾಗ ಅದರೊಳಗೆ ಭಾರ ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ ಸಾಗುತ್ತಿರುತ್ತದೆ. ಕೆಳಗಿನ ಬಾಗಿಲು ತೆರೆದ ಕ್ಷಣ ಕೆಳಗಿನ ಆಸರೆ ತಪ್ಪುತ್ತದೆ. ಇಳಿಯುವ ಕಾಳು ಪಕ್ಕಗಳನ್ನು ನೂಕುತ್ತ ಇಳಿಯುತ್ತದೆ. ಗೋಡೆಯ ಹಿಡಿತವೂ ಸಡಿಲಗೊಳ್ಳುತ್ತದೆ. ಐಎಸ್ 4995 ಖಾಲಿ ಮಾಡುವಾಗ ಗೋಡೆಯ ಘರ್ಷಣೆಯ ಕೋನವನ್ನು ಒಳ ಘರ್ಷಣೆಯ 0.6ಕ್ಕೆ ಇಳಿಸಿ, ಪಕ್ಕದ ಒತ್ತಡವನ್ನು ಕೆಳಮುಖ ಒತ್ತಡಕ್ಕೆ ಸಮವೆಂದು ಹಿಡಿಯಲು ಹೇಳುತ್ತದೆ. ನಮ್ಮ ಉದಾಹರಣೆಯ ಬಿನ್ನಿನಲ್ಲಿ ಅಡ್ಡ ಒತ್ತಡ ಶೇ. 29ರಷ್ಟು ಏರುತ್ತದೆ. ಬಾಗಿಲು ನಡುಮಧ್ಯದಲ್ಲಿರದೆ ಒಂದು ಬದಿಗಿದ್ದರೆ ಪರಿಸ್ಥಿತಿ ಇನ್ನೂ ಕೆಟ್ಟದು: ಒಂದು ಪಕ್ಕದ ಕಾಳು ಹರಿದು ಒತ್ತಡ ಬಿಡುತ್ತದೆ, ಇನ್ನೊಂದು ಪಕ್ಕದ್ದು ನಿಂತು ಒತ್ತುತ್ತಲೇ ಇರುತ್ತದೆ, ದುಂಡು ಗೋಡೆ ಮೊಟ್ಟೆಯಾಕಾರಕ್ಕೆ ತಿರುಗಲು ನೋಡುತ್ತದೆ. ಲಾರಿ ನಿಲ್ಲಿಸಲು ಅನುಕೂಲವೆಂದು ಬಿನ್ನಿಗೆ ಪಕ್ಕದಲ್ಲೊಂದು ಹೊಸ ಬಾಯಿ ಕೊರೆಯುವುದು ಸಣ್ಣ ಬದಲಾವಣೆಯಲ್ಲ. ಮೂಲ ಲೆಕ್ಕ ಹಾಕಿದವರನ್ನು ಕೇಳದೆ ಅದನ್ನು ಮಾಡಬಾರದು.

ಒಣ ಭತ್ತದ ಮಟ್ಟಿಗೆ ಹರಿವಿನ ತೊಂದರೆ ಕಡಿಮೆ. ಗೋಡೆಯ ಘರ್ಷಣೆಯ ಕೋನಕ್ಕಿಂತ ಸಾಕಷ್ಟು ಕಡಿದಾಗಿ ಹಾಪರ್, ಅಂದರೆ ಬಾಯಿಯ ಕಡೆಗೆ ಕಿರಿದಾಗುತ್ತ ಹೋಗುವ ತಳಭಾಗ, ಇಳಿದರೆ ಸಾಕು. ಸಂಡೂರಿನ ಅದಿರಿಗೆ ಬಂದರೆ ಮಾತೇ ಬೇರೆ. ಘನ ಮೀಟರ್ ಭತ್ತ ಆರು ನೂರು ಕಿಲೋ ತೂಗುವುದಿಲ್ಲ. ಅದೇ ಜಾಗದಲ್ಲಿ ಹೆಮಟೈಟ್ ಅದಿರು ಎರಡು ಟನ್ ದಾಟುತ್ತದೆ. ಲಂಪ್ಸ್ ಎಂದು ಕರೆಯುವ ಗಟ್ಟಿಗಳು ಒರಟಾದರೂ ಹರಿಯುತ್ತವೆ. ಫೈನ್ಸ್ ಎಂಬ ಪುಡಿ, ಅದರಲ್ಲೂ ಕೆಮ್ಮಣ್ಣಿನ ಅಂಶ ಬೆರೆತದ್ದು, ಬೇಸಿಗೆಯಲ್ಲಿ ಧೂಳು, ಮಳೆಗಾಲದಲ್ಲಿ ಅಂಟು. ಬೇಸಿಗೆಯಲ್ಲಿ ಸರಾಗವಾಗಿ ಇಳಿದ ಹಾಪರ್ ಆಷಾಢದಲ್ಲಿ ಬಾಯಿ ಕಟ್ಟಿಕೊಳ್ಳುತ್ತದೆ. ಬಾಯಿಯ ಮೇಲೆ ಅದಿರು ಕಮಾನು ಕಟ್ಟಿ ನಿಲ್ಲುತ್ತದೆ. ಹಂಪಿಯ ಕಲ್ಲಿನ ಕಮಾನಿನಂತೆಯೇ ಮೇಲಿನ ಭಾರವನ್ನು ಎರಡು ಪಕ್ಕಕ್ಕೆ ಹಂಚಿ ನಿಲ್ಲುವ ಕಮಾನು. ಇಲ್ಲವೇ ನಡುವೆ ಬಾವಿಯಂಥ ತೂತು ಮಾತ್ರ ಖಾಲಿಯಾಗಿ, ಸುತ್ತಲಿನ ಅದಿರು ಗೋಡೆಗೆ ಅಂಟಿಕೊಂಡು ಉಳಿಯುತ್ತದೆ. ಆಗ ಸಾವಿರ ಟನ್ನಿನ ಬಂಕರ್ ಹೆಸರಿಗೆ ಮಾತ್ರ ಸಾವಿರ ಟನ್ನಿನದು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಆಂಡ್ರ್ಯೂ ಜೆನಿಕೆ ವರ್ಷಗಟ್ಟಲೆ ಅಧ್ಯಯನ ಮಾಡಿ 1964ರಲ್ಲಿ ಈ ಸಮಸ್ಯೆಗೆ ಉತ್ತರ ಕೊಟ್ಟರು. ಪುಡಿಯನ್ನು ಚಿಕ್ಕ ಉಂಗುರದಲ್ಲಿ ಅದುಮಿ, ಅಡ್ಡಲಾಗಿ ಕತ್ತರಿಸಿದಂತೆ ಜಾರಿಸಿ, ಎಷ್ಟು ಬಲ ಬೇಕೆಂದು ಅಳೆಯಬೇಕು. ಹಾಪರಿಗೆ ಹಾಕುವ ತಗಡಿನ ತುಂಡಿನ ಮೇಲೂ ಅದೇ ಪುಡಿಯನ್ನು ಜಾರಿಸಿ ನೋಡಬೇಕು. ಈ ಎರಡು ಅಳತೆಗಳಿಂದ ಹಾಪರ್ ಎಷ್ಟು ಕಡಿದಾಗಿರಬೇಕು, ಬಾಯಿ ಕನಿಷ್ಠ ಎಷ್ಟು ಅಗಲವಿರಬೇಕು ಎಂದು ಹೇಳಬಹುದು. ಸಂಡೂರಿನ ಅದಿರಿಗೆ ಈ ಪರೀಕ್ಷೆಯನ್ನು ಜುಲೈ ತಿಂಗಳ ತೇವದಲ್ಲೇ ಮಾಡಬೇಕು. ಮಾರ್ಚಿನ ಒಣ ಮಾದರಿ ಪ್ರಯೋಗಾಲಯಕ್ಕೆ ಹೋದರೆ ಬರುವ ಉತ್ತರ ಮಾರ್ಚಿಗೆ ಮಾತ್ರ ಸರಿ.

ಕಟ್ಟಿಕೊಂಡ ಹಾಪರ್ ಬಿಡಿಸಲು ಸುತ್ತಿಗೆಯಿಂದ ಬಡಿಯುವುದು ಎಲ್ಲೆಡೆ ಇರುವ ರೂಢಿ. ಹಳೆಯ ಹಾಪರುಗಳ ಹೊರಮೈ ತುಂಬ ಆ ಏಟಿನ ಗುಳಿಗಳಿರುತ್ತವೆ. ಹೊರಗಿನ ಪ್ರತಿ ಗುಳಿ ಒಳಗೆ ಒಂದು ಉಬ್ಬು. ಆ ಉಬ್ಬು ಮುಂದಿನ ಸಲ ಅದಿರನ್ನು ಇನ್ನಷ್ಟು ಹಿಡಿಯುತ್ತದೆ, ಇನ್ನಷ್ಟು ಬಡಿಯಬೇಕಾಗುತ್ತದೆ. ಬಾಗಿಲು ಮುಚ್ಚಿದ್ದಾಗ ವೈಬ್ರೇಟರ್ ಓಡಿಸಿದರೂ ಅಷ್ಟೇ, ಪುಡಿ ಮತ್ತಷ್ಟು ಗಟ್ಟಿಯಾಗಿ ಕೂರುತ್ತದೆ. ಇದಕ್ಕೆಲ್ಲ ಕೊನೆಗೆ ಬೆಲೆ ತೆರುವವರು ಕೂಲಿಗಳು. ಕಮಾನು ಕಟ್ಟಿದ ಕಾಳಿನ ಅಥವಾ ಅದಿರಿನ ಮೇಲೆ ಇಳಿದು ಗುದ್ದಲಿಯಿಂದ ಚುಚ್ಚುವಾಗ ಕೆಳಗೆ ಖಾಲಿ ಇದೆಯೆಂದು ಮೇಲೆ ನಿಂತವರಿಗೆ ಕಾಣುವುದಿಲ್ಲ. ಕುಸಿದರೆ ಕ್ಷಣಗಳಲ್ಲಿ ಸೊಂಟದವರೆಗೆ ಹೂತುಹೋಗುತ್ತಾರೆ. ಗೋಡೆಗೆ ಅಂಟುವ ಅದೇ ಘರ್ಷಣೆ ಆಗ ಮೈಗೆ ಅಂಟುತ್ತದೆ. ನಾಲ್ಕು ಜನ ಹಗ್ಗ ಎಳೆದರೂ ಬಿಡದಷ್ಟು ಬಿಗಿಯಾಗಿ. ಕನ್ವೇಯರ್ ನಿಲ್ಲಿಸಿ ಬೀಗ ಹಾಕದೆ, ಮೈಗೆ ಸುರಕ್ಷತಾ ಪಟ್ಟಿ ಕಟ್ಟದೆ, ಮೇಲೆ ಒಬ್ಬರನ್ನು ಕಾವಲಿಡದೆ ಯಾರನ್ನೂ ಬಿನ್ನಿನೊಳಗೆ ಇಳಿಸಬಾರದು. ಅವರ ಜೀವ ಒಂದು ಪಾಳಿಯ ಉತ್ಪಾದನೆಗಿಂತ ದೊಡ್ಡದು.

ಅದಿರಿನ ಪುಡಿಯಲ್ಲಿ ನೀರು ಬಹಳ ಹೆಚ್ಚಾದರೆ ಅಂಟು ಹೋಗಿ ಘರ್ಷಣೆಯೇ ಮಾಯವಾಗುತ್ತದೆ. 2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರಿನ ಫೈನ್ಸ್ ಹೊತ್ತು ಹೊರಟ ‘ಏಷ್ಯನ್ ಫಾರೆಸ್ಟ್’ ಹಡಗು ಮಂಗಳೂರಿನ ಬಳಿ ಸಮುದ್ರದಲ್ಲಿ ಮುಳುಗಿತು, ಸಿಬ್ಬಂದಿಯನ್ನು ರಕ್ಷಿಸಲಾಯಿತು. ಹಸಿ ಫೈನ್ಸ್ ಹೇರಿದ ಹಡಗುಗಳಿಗೆ ಕಾದಿರುವ ಅಪಾಯ ಇದು: ಅಲೆಗಳ ಹೊಯ್ದಾಟಕ್ಕೆ ಪುಡಿ ಒತ್ತೊತ್ತಾಗಿ ಕೂತಂತೆಲ್ಲ ಕಣಗಳ ನಡುವಿನ ನೀರಿಗೆ ಹೋಗಲು ಜಾಗವಿಲ್ಲದೆ ಆ ನೀರೇ ಭಾರ ಹೊರತೊಡಗುತ್ತದೆ. ಕಣ ಕಣದಿಂದ ದೂರವಾಗುತ್ತದೆ, ಗುಡ್ಡೆಯಂತೆ ನಿಂತಿದ್ದ ಸರಕು ಕೆಸರಿನಂತೆ ಒಂದು ಬದಿಗೆ ಹರಿದು ಹಡಗನ್ನು ಮಗುಚುತ್ತದೆ. ಅದಕ್ಕೇ ಸಾಗಣೆಗೆ ಮುನ್ನ ತೇವದ ಮಿತಿ ಪರೀಕ್ಷಿಸುವುದು ಅಂತರರಾಷ್ಟ್ರೀಯ ನಿಯಮವಾಗಿದೆ.

ಗೋಡೌನಿನ ಚೀಲಗಳಿಗೂ ಘರ್ಷಣೆಯ ಈ ಮಾತು ಅನ್ವಯಿಸುತ್ತದೆ. ಗೋಣಿಚೀಲದ ಒರಟು ನಾರು ಒಂದರ ಮೇಲೊಂದನ್ನು ಹಿಡಿದು ನಿಲ್ಲಿಸುತ್ತಿತ್ತು. ಪ್ಲಾಸ್ಟಿಕ್ ನೇಯ್ಗೆಯ ಚೀಲ ಜಾರುತ್ತದೆ. ಗೋಣಿಯ ಕಾಲದಷ್ಟೇ ಎತ್ತರಕ್ಕೆ ಈಗಲೂ ನಿಟ್ಟು ಹಚ್ಚಿದರೆ ಅದು ಕುಸಿದು ಬೀಳುವುದು ಹಮಾಲರ ಮೇಲೆ.

ಘರ್ಷಣೆಯನ್ನು ಅಳೆಯಲು ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಕೃಷಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಾಡುವ ಪರೀಕ್ಷೆಯನ್ನು ಕಂಪ್ಲಿಯ ಯಾವ ಮಿಲ್ಲಿನಲ್ಲಾದರೂ ಮಾಡಬಹುದು. ಬಿನ್ನಿಗೆ ಬಳಸುವ ತಗಡನ್ನೇ ಒಂದು ಹಲಗೆಗೆ ಬಡಿಯಿರಿ. ಅದರ ಮೇಲೆ ತಳವಿಲ್ಲದ ಚಿಕ್ಕ ಪೆಟ್ಟಿಗೆ ಇಟ್ಟು ಭತ್ತ ತುಂಬಿ, ಪೆಟ್ಟಿಗೆಯ ಅಂಚು ತಗಡಿಗೆ ತಾಗದಂತೆ ಕೂದಲೆಳೆಯಷ್ಟು ಮೇಲೆತ್ತಿ. ಈಗ ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಏರಿಸಿ. ಪೆಟ್ಟಿಗೆ ಜಾರತೊಡಗಿದ ಕ್ಷಣ ನಿಲ್ಲಿಸಿ, ಏರಿಸಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಹಲಗೆ ನೆಲದ ಮೇಲೆ ಆವರಿಸುವ ಅಡ್ಡಳತೆ ಎಷ್ಟು ಎಂದು ಅಳೆಯಿರಿ. ಎತ್ತರವನ್ನು ಅಡ್ಡಳತೆಯಿಂದ ಭಾಗಿಸಿದರೆ ಬರುವುದೇ ಘರ್ಷಣ ಗುಣಾಂಕ: ಮೀಟರ್ ಅಡ್ಡಳತೆಗೆ ಅರ್ಧ ಮೀಟರ್ ಏರಿದ್ದರೆ 0.5. ಹೊಸ ತಗಡು, ಹತ್ತು ವರ್ಷ ಉಜ್ಜಿದ ಹಳೆ ತಗಡು, ಕೊಯ್ಲಿನ ಹಸಿ ಭತ್ತ, ಏಪ್ರಿಲ್‌ನ ಒಣ ಭತ್ತ ಹೀಗೆ ಎಲ್ಲ ಜೋಡಿಗಳಿಗೂ ಮಾಡಿ ಬರೆದಿಡಿ. ಬಂದ ಅಂಕಿಗಳಲ್ಲಿ ಅತಿ ಚಿಕ್ಕದನ್ನು ತಳಕ್ಕೂ ಗೋಡೆಯ ಅಡ್ಡ ಒತ್ತಡಕ್ಕೂ, ಅತಿ ದೊಡ್ಡದನ್ನು ಗೋಡೆ ಹೊರುವ ಭಾರಕ್ಕೂ ಹಾಪರಿನ ಇಳಿಜಾರಿಗೂ ಬಳಸಿ ಎಂದು ನಕ್ಷೆ ಹಾಕುವ ಎಂಜಿನಿಯರ್‌ಗೆ ಕೊಡಿ.